ಬೆಳಗಿನ ಜಾವ 4ಕ್ಕೇ ಹೊರಟಿದ್ದೆವು, ಆದರೂ ಇಳಿಜಾರಿನ ಹಿಮ ಕುಸಿಯಿತು. ತಪ್ಪಿದ್ದೆಲ್ಲಿ?

ಬೂಟಲ್ಲಿ ಮಂಜು:
ಕಳೆದ ವಾರದ ಕತೆ ಇದು. ಜಾಗದ ಹೆಸರು ಬೇಡ, ಯಾವ ಬೆಟ್ಟದಲ್ಲಾದರೂ ಆಗಬಹುದಾಗಿದ್ದೇ. ನಾವು ಮೂವರು, ಸ್ಕೀ ತಳಕ್ಕೆ ಸ್ಕಿನ್ (ಹತ್ತುವಾಗ ಹಿಂದಕ್ಕೆ ಜಾರದ ಹಾಗೆ ಹಿಡಿಯುವ ಪಟ್ಟಿ) ಅಂಟಿಸಿಕೊಂಡು ಹತ್ತಿ ಇಳಿಯುವವರು. ಲಿಫ್ಟ್ ಇಲ್ಲ, ಗೈಡ್ ಇಲ್ಲ. ವಸಂತದ ಹಿಮಕ್ಕೆ ಎಲ್ಲರೂ ಹೇಳೋ ಸೂತ್ರ ಒಂದೇ ತಾನೇ, ಬೇಗ ಹೊರಡು, ಬೇಗ ಇಳಿ. ಅದನ್ನೇ ಮಾಡಿದೆವು. 4 ಗಂಟೆಗೆ ತಲೆದೀಪ ಹಾಕಿಕೊಂಡು ಗುಡಿಸಲಿನಿಂದ ಹೊರಬಿದ್ದೆವು.

ಮೊದಲ ಹೆಜ್ಜೆಗೇ ಕಾಲು ಪಾದದ ಗಂಟಿನವರೆಗೆ ಹೂತಿತು. ನಾನು ನಿಂತೆ. ಗೆಳೆಯ "ಮೇಲೆ ಹೋದ ಹಾಗೆ ಗಟ್ಟಿಯಾಗುತ್ತೆ, ಬಾರೋ" ಅಂದ. ನಿಜಕ್ಕೂ ಸುಮಾರು 300 ಮೀಟರ್ ಏರಿದ ಮೇಲೆ ಒಂದಿಷ್ಟು ಗಟ್ಟಿಯಾಯಿತು. 8:40ಕ್ಕೆ ಬೆಟ್ಟದ ಏಣು ತಲುಪಿದೆವು. ಫೋಟೋ, ಮಾತು, ಮತ್ತೆ ಫೋಟೋ. 9:30ಕ್ಕೆ ಪೂರ್ವಕ್ಕೆ ಮುಖ ಮಾಡಿದ ಬೋಗುಣಿಯಂಥ ಇಳಿಜಾರಿನಲ್ಲಿ ಇಳಿದೆವು, 35 ಡಿಗ್ರಿ ಇರಬಹುದು. ಹಿಮ ಮೆತ್ತಗಿತ್ತು, ನಕ್ಕೊಂಡು ಇಳಿದೆವು.

ಕೆಳಗಿನ ಬಯಲಿನಲ್ಲಿ ಸ್ಕೀ ಬಿಚ್ಚಿ ಕೂತಿದ್ದೆವು. ಇಪ್ಪತ್ತು ನಿಮಿಷ ಕಳೆದಿರಬೇಕು, ಮೇಲಿನ ಬಂಡೆಗಳ ಬುಡದಿಂದ ಮುಷ್ಟಿಯಷ್ಟು ಹಿಮ ಉರುಳಿತು. ಅಷ್ಟೇ ಅಂದುಕೊಂಡೆ. ಅದು ಬೀಸಣಿಗೆ ಹಾಗೆ ಅಗಲವಾಗ್ತಾ ಬಂತು, ನಮ್ಮ ಮೂವರ ಗೆರೆಗಳನ್ನೂ ಒರೆಸಿಕೊಂಡು ಕೆಳಗೆ ರಾಶಿ ಬಿತ್ತು. ಆಮೇಲೆ ಹತ್ತಿರ ಹೋಗಿ ನೋಡಿದರೆ ರಾಶಿಯ ಅಂಚು ನನ್ನ ಎದೆಮಟ್ಟ.

ಯಾರಿಗೂ ಏನೂ ಆಗಿಲ್ಲ. ಆದರೆ ನಿದ್ದೆ ಬರ್ತಿಲ್ಲ. ಒಬ್ಬ "9:30 ಏನು ಮಹಾ ತಡ, ನಮ್ಮ ಗ್ರಹಚಾರ ಅಷ್ಟೆ" ಅಂತಾನೆ. ಇನ್ನೊಬ್ಬ ಇನ್ಮೇಲೆ ವಸಂತದಲ್ಲಿ ಬೆಟ್ಟಕ್ಕೇ ಬರಲ್ಲ ಅಂತಾನೆ. ಇಷ್ಟು ಬೇಗ ಹೊರಟರೂ ಹೀಗಾಯಿತಲ್ಲ, ತಪ್ಪು ಎಲ್ಲಾಯಿತು?

ಸುಮ್ನೆ ಓದೋನು:
ಜೀವ ಉಳೀತಲ್ಲ ಗುರು, ಸದ್ಯ.

ಮೊಣಕಾಲು ನೋವು:
ಏಣಿನ ಮೇಲೆ ಐವತ್ತು ನಿಮಿಷ ಏನು ಮಾಡ್ತಿದ್ರಿ? ಪೂರ್ವದ ಇಳಿಜಾರಿಗೆ ಸೂರ್ಯ ಹುಟ್ಟಿದ ಕ್ಷಣದಿಂದ ಬಿಸಿಲು ನೆಟ್ಟಗೆ ಬೀಳುತ್ತೆ. ಮೊದಲು ಪೂರ್ವ, ಆಮೇಲೆ ದಕ್ಷಿಣ, ಮಧ್ಯಾಹ್ನದ ಮೇಲೆ ಪಶ್ಚಿಮ. ಇದೇ ಸರದಿ. 9:30 ಅನ್ನೋದು ಪಶ್ಚಿಮದ ಇಳಿಜಾರಿಗೆ ಬೆಳಗಿನ ಜಾವ, ಪೂರ್ವದ್ದಕ್ಕೆ ಮಟಮಟ ಮಧ್ಯಾಹ್ನ. ಫೋಟೋ ಕೆಳಗೆ ಬಂದು ತೆಗೀಬಹುದಿತ್ತು.

ಏಣಿನ ಮೇಲೆ:
ಎಲ್ಲರೂ ಗಡಿಯಾರ ಹಿಡಿದು ಕೂತ್ಕೊಂಡ್ರೆ ಆಗಲ್ಲ. ನಾನು ಆ ಪೋಸ್ಟಿನಲ್ಲಿ ಒಂದೇ ಸಾಲಿನ ಹತ್ತಿರ ನಿಂತುಬಿಟ್ಟೆ. "ಮೊದಲ ಹೆಜ್ಜೆಗೇ ಕಾಲು ಹೂತಿತು." ಅಲ್ಲಿಗೇ ಆ ದಿನದ ತೀರ್ಮಾನ ಆಗಿಹೋಗಿತ್ತು.

ಬೇಗ ಹೊರಡೋದು ಯಾಕೆ? ರಾತ್ರಿ ಹಿಮ ಹೆಪ್ಪುಗಟ್ಟಿರುತ್ತೆ, ಆ ಗಟ್ಟಿ ಚಿಪ್ಪು ಕರಗೋಕೆ ಮುಂಚೆ ಕೆಲಸ ಮುಗಿಸೋಣ ಅಂತ. ಚಿಪ್ಪೇ ಕಟ್ಟಿಲ್ಲ ಅಂದ್ರೆ 4 ಗಂಟೆಗೆ ಹೊರಟರೂ ಒಂದೇ, 10ಕ್ಕೆ ಹೊರಟರೂ ಒಂದೇ. ಇಲ್ಲದ ಚಿಪ್ಪು ಕರಗೋಕೆ ಎಷ್ಟು ಹೊತ್ತು ಬೇಕು?

ರಾತ್ರಿ ಮೋಡ ಇತ್ತಾ ತಮ್ಮಾ?

ಬೂಟಲ್ಲಿ ಮಂಜು:
ಇತ್ತು ಅಕ್ಕಾ. ಸುಮಾರು 3ರ ತನಕ. ಹೊರಡೋ ಹೊತ್ತಿಗೆ ನಕ್ಷತ್ರ ಕಾಣ್ತಿತ್ತು, ಅದಕ್ಕೇ ಧೈರ್ಯ ಬಂದಿದ್ದು. ನನ್ನ ಗೊಂದಲ ಬೇರೆ. ಆ ರಾತ್ರಿ ಥರ್ಮಾಮೀಟರಿನಲ್ಲಿ 1 ಡಿಗ್ರಿ. ಹಿಂದಿನ ರಾತ್ರೀನೂ ಅದೇ 1 ಡಿಗ್ರಿ. ಆದರೆ ಹಿಂದಿನ ದಿನ ಬೆಳಿಗ್ಗೆ ಹಿಮ ಕಲ್ಲಿನ ಹಾಗಿತ್ತು! ಒಂದೇ ಉಷ್ಣತೆ, ಎರಡು ಥರದ ಹಿಮ. ಇದು ಹೇಗೆ?

ಹಳೇ ಸ್ಕೀ:
ಥರ್ಮಾಮೀಟರ್ ಕೆಟ್ಟಿದೆ.

ಗಣಿತದ ಮೇಷ್ಟ್ರು:
ಥರ್ಮಾಮೀಟರ್ ಸರಿಯಾಗಿಯೇ ಇದೆ, ಅದು ಗಾಳಿಯ ಉಷ್ಣತೆಯನ್ನು ಹೇಳುತ್ತಿದೆ, ಹಿಮದ್ದನ್ನಲ್ಲ. ಹಿಮದ ಮೈ ರಾತ್ರಿಯಿಡೀ ತನ್ನ ಶಾಖವನ್ನು ಕಣ್ಣಿಗೆ ಕಾಣದ ದೀರ್ಘತರಂಗ ವಿಕಿರಣವಾಗಿ ಆಕಾಶಕ್ಕೆ ಬಿಡುತ್ತಿರುತ್ತದೆ. ಆಕಾಶ ಶುಭ್ರವಾಗಿ, ಗಾಳಿ ಒಣಗಿದ್ದರೆ ಹೋದದ್ದು ಹೋಯಿತು. ಹಾಗಾಗಿ ಗಾಳಿ 1 ಅಥವಾ 2 ಡಿಗ್ರಿ ಇದ್ದಾಗಲೂ ಹಿಮದ ಮೇಲ್ಮೈ ಸೊನ್ನೆಗಿಂತ ಎಷ್ಟೋ ಕೆಳಗಿಳಿದು ಗಟ್ಟಿಯಾಗುತ್ತದೆ. ಮೋಡವಿದ್ದರೆ ಅದೇ ಶಾಖ ಕಂಬಳಿ ಹೊದಿಸಿದಂತೆ ವಾಪಸ್ ಬರುತ್ತದೆ. ಆಗ ಸೊನ್ನೆ ಡಿಗ್ರಿಯಲ್ಲೂ ಹಿಮ ನೀರು ನೀರಾಗಿಯೇ ಉಳಿಯಬಹುದು.

ಇನ್ನೊಂದು ಲೆಕ್ಕವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒಂದು ಕಿಲೋ ನೀರು ಹೆಪ್ಪುಗಟ್ಟಬೇಕಾದರೆ 334 ಕಿಲೋಜೂಲ್ ಶಾಖ ಹೊರಹೋಗಬೇಕು. ಹಿಂದಿನ ಮಧ್ಯಾಹ್ನ ಹಿಮ ಎಷ್ಟು ನೀರು ಕುಡಿದಿದೆಯೋ ಅಷ್ಟು ಹೆಚ್ಚು ಹೊತ್ತು ಶುಭ್ರ ಆಕಾಶ ಬೇಕು. ನಿಮಗೆ ಸಿಕ್ಕಿದ್ದು 3ರಿಂದ ಬೆಳಗಾಗುವವರೆಗಿನ ಕೆಲವೇ ಗಂಟೆ. ಮೇಲ್ಭಾಗದಲ್ಲಿ ಗಟ್ಟಿಯಾಯಿತು ಅಂದಿರಲ್ಲ, ಅದು ಕಾಗದದಷ್ಟು ತೆಳುವಾದ ಚಿಪ್ಪು. ನಕ್ಷತ್ರ ಕಂಡಿದ್ದು ನಿಜ, ತಡವಾಗಿ ಕಂಡವು.

ಬೂಟಲ್ಲಿ ಮಂಜು:
ಮೇಷ್ಟ್ರೇ, ಇಷ್ಟು ವರ್ಷ ನಾನು ಬರೀ ಡಿಗ್ರಿ ನೋಡ್ಕೊಂಡು ಹೊರಡ್ತಿದ್ದೆ. ಎದೆ ಧಸಕ್ ಅಂತು.

ಹಳೇ ಸ್ಕೀ:
ವಿಜ್ಞಾನ ಎಲ್ಲ ಸರಿ. ನಾನು ಇಪ್ಪತ್ತೆರಡು ವಸಂತ ಸ್ಕೀ ಮಾಡಿದೀನಿ. ಮಧ್ಯಾಹ್ನ 1 ಗಂಟೆಗೂ ಇಳಿದಿದೀನಿ. ಏನೂ ಆಗಿಲ್ಲ. ಈಗಿನ ಹುಡುಗರು ಫೋನ್ ನೋಡಿ ಬೆಟ್ಟ ಹತ್ತುತಾರೆ, ಆಮೇಲೆ ಬೆಟ್ಟದ ಮೇಲೆ ದೂರು.

ಮೊಣಕಾಲು ನೋವು:
ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯುಷ್ಯ ಅಂತಾರೆ. ಇಪ್ಪತ್ತೆರಡು ದೊಣ್ಣೆ ತಪ್ಪಿಸಿಕೊಂಡವರು ಅಮರರೇ ಸರಿ ಬಿಡಿ.

ಏಣಿನ ಮೇಲೆ:
ಗೇಲಿ ಬೇಡ, ಹಿರಿಯರು ಸುಳ್ಳು ಹೇಳ್ತಿಲ್ಲ. ಒಂದೇ ಪ್ರಶ್ನೆ ಸಾರ್, ಆ ಮಧ್ಯಾಹ್ನ 1 ಗಂಟೆಯ ಇಳಿಜಾರುಗಳು ಯಾವ ದಿಕ್ಕಿಗೆ ಮುಖ ಮಾಡಿದ್ದವು?

ಹಳೇ ಸ್ಕೀ:
ಹೆಚ್ಚಾಗಿ ಉತ್ತರ. ಒಳ್ಳೇ ಹಿಮ ಅಲ್ಲೇ ಉಳಿಯೋದು.

ಏಣಿನ ಮೇಲೆ:
ಅಲ್ಲಿಗೆ ಸಮಸ್ಯೆ ಬಗೆಹರೀತು. ನಿಮ್ಮನ್ನ ಕಾದಿದ್ದು ಅನುಭವಕ್ಕಿಂತ ನೆರಳು. ಅದೇ ಗಂಟೆಗೆ ದಕ್ಷಿಣಕ್ಕೆ ಇಳಿದಿದ್ರೆ ಈ ಚರ್ಚೆಗೆ ಬರ್ತಿದ್ರೋ ಇಲ್ವೋ. ಏನೂ ಆಗದೇ ಇರೋದು ನಾವು ಸರಿ ಮಾಡಿದ್ವಿ ಅನ್ನೋದಕ್ಕೆ ಸಾಕ್ಷಿ ಅಲ್ಲ ಸಾರ್. ಇಳಿಜಾರು ತಪ್ಪು ಮಾಡಿದವರನ್ನೂ ಹತ್ತು ಸಲ ಸುಮ್ಮನೆ ಕಳಿಸಿಬಿಡುತ್ತೆ.

ಹಳೇ ಸ್ಕೀ:
ಸರಿ, ಒಪ್ಪಿದೆ ಅಂತಿಟ್ಕೋ. ಆದ್ರೆ ಉತ್ತರ ಅಂದ್ರೆ ದೇವಸ್ಥಾನ ಅಂತ ಯಾರೂ ತಿಳ್ಕೋಬೇಡಿ. ಒಂದು ವಿಷಯ ನಾನೂ ಹೇಳ್ತೀನಿ. ಚಳಿಗಾಲದ ಶುರುವಿನಲ್ಲಿ ಬಿದ್ದ ತೆಳು ಹಿಮ ನೆಲದ ಹತ್ತಿರ ಸಕ್ಕರೆ ಹರಳಿನ ಹಾಗಾಗಿ ಸಡಿಲವಾಗಿ ಕೂತಿರುತ್ತೆ. ಉತ್ತರದ ನೆರಳಲ್ಲಿ ಅದು ವಸಂತದ ತನಕ ಹಾಗೇ ಇರುತ್ತೆ. ಎಂದೋ ಒಂದು ದಿನ ಕರಗಿದ ನೀರು ಮೊದಲ ಸಲ ಅಲ್ಲಿವರೆಗೆ ಇಳಿಯುತ್ತಲ್ಲ, ಆ ಮೊದಲ ಒದ್ದೆ ಭಾರಿ ಕೆಟ್ಟದ್ದು. ಮೇಲಿನ ಹಿಮವೆಲ್ಲ ಹಲಗೆ ಹಲಗೆಯಾಗಿ ಕಿತ್ಕೊಂಡು ಬರುತ್ತೆ. ಒಂದು ಏಪ್ರಿಲಲ್ಲಿ ಎದುರಿನ ಉತ್ತರದ ಮುಖ ಪೂರ್ತಿ ನೆಲ ಕಾಣೋ ಹಾಗೆ ಜಾರಿದ್ದು ಕಣ್ಣಾರೆ ನೋಡಿದೀನಿ. ಮೂರು ರಾತ್ರಿ ಹೆಪ್ಪುಗಟ್ಟಿರಲಿಲ್ಲ ಆಗ.

ಆವತ್ತು ನಾನು ಗುಡಿಸಲಲ್ಲೇ ಇದ್ದೆ. ಹೆದರಿ ಅಲ್ಲ, ಹೊಟ್ಟೆ ಕೆಟ್ಟಿತ್ತು.

ಮೊಣಕಾಲು ನೋವು:
ಸಾರ್, ನಾನು ಆಡಿದ ಮಾತು ವಾಪಸ್. ಮೂರು ರಾತ್ರಿ ಅನ್ನೋದು ಚೆನ್ನಾಗಿ ನೆನಪಲ್ಲಿ ಉಳಿಯುತ್ತೆ.

ನಿಘಂಟು ಪ್ರೇಮಿ:
ಚರ್ಚೆಯ ನಡುವೆ ಮೂಗು ತೂರಿಸುತ್ತಿದ್ದೇನೆ, ಕ್ಷಮೆ ಇರಲಿ. ಈ ಚರ್ಚೆಯಲ್ಲಿ ಯಾರೂ ಇನ್ನೂ "ಹಿಮಪಾತ" ಅಂದಿಲ್ಲ ಅನ್ನೋದು ನನಗೆ ಖುಷಿ ಕೊಟ್ಟಿದೆ. ಪತ್ರಿಕೆಗಳಲ್ಲಿ ಆಕಾಶದಿಂದ ಹಿಮ ಬಿದ್ದರೂ ಹಿಮಪಾತ, ಬೆಟ್ಟದಿಂದ ಹಿಮ ಕುಸಿದರೂ ಹಿಮಪಾತ. "ಭಾರಿ ಹಿಮಪಾತದ ಎಚ್ಚರಿಕೆ" ಅಂತ ಬರೆದರೆ ಓದುವವನು ಕೊಡೆ ಹಿಡಿಯಬೇಕೋ ಓಡಬೇಕೋ?

ಸುಮ್ನೆ ಓದೋನು:
ಕೊಡೆ ಹಿಡ್ಕೊಂಡು ಓಡೋದು.

ಗಣಿತದ ಮೇಷ್ಟ್ರು:
ಕುಸಿಯುವುದಕ್ಕೆ "ಹಿಮಕುಸಿತ" ಸಾಕು. ಮಳೆಗಾಲದ ಗುಡ್ಡ ಕುಸಿತ ಎಲ್ಲರಿಗೂ ಗೊತ್ತಿರುವುದರಿಂದ ಅರ್ಥ ತಾನಾಗಿಯೇ ಆಗುತ್ತದೆ.

ನಿಘಂಟು ಪ್ರೇಮಿ:
ನನ್ನ ಮತವೂ ಅದಕ್ಕೇ. ಆದರೆ ನಿಮ್ಮೆಲ್ಲರ ಮಾತು ಕೇಳಿದರೆ ಒಂದು ಪದ ಸಾಲದು ಅನ್ನಿಸುತ್ತಿದೆ. ಮುಷ್ಟಿಯಷ್ಟು ಶುರುವಾಗಿ ಬೀಸಣಿಗೆಯಂತೆ ಹರಡುವುದು ಒಂದು, ಹಲಗೆಯಂತೆ ಒಟ್ಟಿಗೆ ಕಿತ್ತು ಬರುವುದು ಇನ್ನೊಂದು. ಮೊದಲನೆಯದಕ್ಕೆ ಬಿಡಿಕುಸಿತ, ಎರಡನೆಯದಕ್ಕೆ ಹಲಗೆಕುಸಿತ ಅನ್ನೋಣವೇ?

ಮಾಡರೇಟರ್:
ಪದಗಳ ಚರ್ಚೆಗೆ ಬೇರೆ ಎಳೆ ಇದೆ. (ಹಲಗೆಕುಸಿತ ಚೆನ್ನಾಗಿದೆ ಅನ್ನೋದು ನನ್ನ ಸ್ವಂತ ಅಭಿಪ್ರಾಯ.)

ಟೆಂಟ್ ವಾಸಿ:
ನಮಸ್ಕಾರ್ರೀ ಎಲ್ಲಾರಿಗೂ. ನಾವು ಸ್ಕೀ ಮಂದಿ ಅಲ್ಲ, ಕಾಲ್ನಡಿಗಿ ಮಂದಿ. ಮುಂದಿನ ತಿಂಗಳ ಒಂದು ಕಣಿವಿಯೊಳಗ ಟೆಂಟ್ ಹಾಕೋ ವಿಚಾರ ಅದ. ಜಾಗ ಸಪಾಟ ಅದ, ನೀರು ಅದ. ಮ್ಯಾಲೆ ಹುಲ್ಲಿನ ಗುಡ್ಡ, ಅದರ ಮ್ಯಾಲೆ ಇನ್ನೂ ಹಿಮ. ಹೋದ ವರ್ಷದ ಫೋಟೋದಾಗ ಆ ಹಿಮದಾಗ ದೊಡ್ಡ ದೊಡ್ಡ ಬಿರುಕು ಕಾಣ್ತಾವ, ಮೀನ ಬಾಯಿ ತೆರದಂಗ. ಹುಲ್ಲಿನ ಗುಡ್ಡ ಅಂದ್ರ ಮೆತ್ತಗ, ಅಪಾಯ ಕಡಿಮಿ ಹೌದಲ್ರೀ?

ಏಣಿನ ಮೇಲೆ:
ಉಲ್ಟಾ ರೀ. ಉದ್ದ ಹುಲ್ಲು ಮಲಗಿಕೊಂಡಿರುತ್ತಲ್ಲ, ಅದರ ಮೇಲೆ ನೀರು ಹರಿದ್ರೆ ಎಣ್ಣೆ ಸವರಿದ ಹಲಗೆ. ನಯವಾದ ಬಂಡೆ ಹಾಸು ಕೂಡ ಹಾಗೇ. ಇಡೀ ಹಿಮದ ಹೊದಿಕೆ ನೆಲದ ಮೇಲೆ ನಿಧಾನಕ್ಕೆ ತೆವಳ್ತಾ ಇರುತ್ತೆ, ಆ ಬಿರುಕು ಅದರ ಗುರುತು. ಎಂದು ಕಿತ್ಕೊಂಡು ಬರುತ್ತೆ ಅಂತ ಯಾರಿಗೂ ಹೇಳೋಕಾಗಲ್ಲ. ಬಿರುಕು ಬಿಟ್ಟು ವಾರಗಟ್ಟಲೆ ಸುಮ್ಮನಿರಬಹುದು, ನಡುರಾತ್ರಿ ಬರಬಹುದು. ಬೇಗ ಹೊರಡೋ ಸೂತ್ರ ಇದಕ್ಕೆ ನಡೆಯೋದೇ ಇಲ್ಲ. ಬಿರುಕಿನ ಕೆಳಗೆ ಟೆಂಟ್ ಅಂತೂ ಬೇಡವೇ ಬೇಡ, ಊಟಕ್ಕೂ ಕೂರಬೇಡಿ.

ಟೆಂಟ್ ವಾಸಿ:
ಅಯ್ಯೋ ಯವ್ವಾ. ಹೋದ ವರ್ಷ ಅಲ್ಲೇ ಎರಡ ದಿನಾ ಮಲಗೇವ್ರೀ.

ಪಹರೆ:
ನಾನು ಬೆಟ್ಟದ ರಕ್ಷಣಾ ತಂಡದಲ್ಲಿ ಸ್ವಯಂಸೇವಕ. ಟೆಂಟ್ ವಾಸಿಗಳೇ, ನಿಮ್ಮ ಜಾಗ ಎಷ್ಟು ಸಪಾಟು ಅನ್ನೋದಕ್ಕಿಂತ ಮೇಲೆ ಏನಿದೆ ಅನ್ನೋದು ಮುಖ್ಯ. ಹಿಮ ಕೀಳೋದು ಕಡಿದಾದ ಕಡೆ, ಬಂದು ನಿಲ್ಲೋದು ಸಪಾಟಿನಲ್ಲಿ. ಒದ್ದೆ ಹಿಮ ನಿಧಾನ ಅಂತ ಉಡಾಫೆ ಬೇಡ, ಅದು ಕೊರಕಲು ಹಿಡಿದು ನೀರಿನ ಹಾಗೆ ತಿರುಗ್ತಾ ತಿರುಗ್ತಾ ಬಹಳ ದೂರ ಬರುತ್ತೆ. ಮುರಿದ ಮರ, ಒಂದೇ ಕಡೆಗೆ ಬಾಗಿದ ಕುರುಚಲು, ಮರವೇ ಇಲ್ಲದ ನೇರ ಪಟ್ಟಿ ಕಂಡರೆ ಅದು ಕುಸಿತದ ಹಳೇ ದಾರಿ.

ಇನ್ನು ಮೊದಲ ಪೋಸ್ಟಿನ ತಮ್ಮನಿಗೆ. ರಾಶಿಯ ಅಂಚು ಎದೆಮಟ್ಟ ಅಂದ್ಯಲ್ಲ, ಅದರ ಮೇಲೆ ಹತ್ತಿ ಬೂಟಿನಿಂದ ಒದ್ದು ನೋಡಿದ್ಯಾ? ಕೆಲವೇ ನಿಮಿಷದಲ್ಲಿ ಸಿಮೆಂಟಿನ ಹಾಗೆ ಕೂತುಬಿಡುತ್ತೆ. ಚಳಿಗಾಲದ ಪುಡಿ ಹಿಮದ ರಾಶಿ ಅಗೆದವನಿಗೂ ಒದ್ದೆ ರಾಶಿ ಅಗೆಯೋವಾಗ ಕೈ ಸೋತುಬಿಡುತ್ತೆ. ಒಳಗಿರೋನಿಗೆ ಬೆರಳು ಅಲ್ಲಾಡಿಸೋಕೂ ಜಾಗ ಇರಲ್ಲ, ಗಾಳಿಯೂ ಕಡಿಮೆ. ಸ್ವಿಟ್ಜರ್ಲೆಂಡಿನ 1981ರಿಂದ 2020ರವರೆಗಿನ ದಾಖಲೆ ನೋಡಿದ್ರೆ, ಹೂತವರನ್ನು ಮೊದಲ 10 ನಿಮಿಷದಲ್ಲಿ ಹೊರತೆಗೆದಾಗ ಶೇ 91 ಜನ ಬದುಕಿದಾರೆ. 30 ನಿಮಿಷ ಆಗೋವಷ್ಟರಲ್ಲಿ ಅದು ಶೇ 31ಕ್ಕೆ ಬಿದ್ದಿದೆ. ನಮಗೆ ಕರೆ ಬಂದು ನಾವು ಹೊರಟು ತಲುಪೋದು ಯಾವಾಗ? ಆ 10 ನಿಮಿಷ ನಮ್ಮದಲ್ಲ, ಪಕ್ಕದಲ್ಲಿರೋ ಗೆಳೆಯನದ್ದು. ಅವನ ಹತ್ತಿರ ಬೀಕನ್ (ಹೂತವರನ್ನು ಹುಡುಕೋಕೆ ಎದೆಗೆ ಕಟ್ಟಿಕೊಳ್ಳೋ ರೇಡಿಯೋ ಪೆಟ್ಟಿಗೆ), ಪ್ರೋಬ್ ಕೋಲು (ಹಿಮಕ್ಕೆ ಚುಚ್ಚಿ ಹುಡುಕೋ ಉದ್ದ ಕೋಲು), ಲೋಹದ ಸಲಿಕೆ ಮೂರೂ ಇರಬೇಕು, ಉಪಯೋಗಿಸಿ ಕೈ ಪಳಗಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ರೂ ಉಳಿದೆರಡು ದಂಡ.

ಹಳೇ ಸ್ಕೀ:
ಏರ್‌ಬ್ಯಾಗ್ ಅಂತ ಒಂದು ಬಂದಿದೆಯಲ್ಲ, ಬೆನ್ನಿಗೆ ಬಲೂನು. ಅದಿದ್ರೆ ಮುಳುಗೋದೇ ಇಲ್ಲ ಅಂತಾನೆ ನನ್ನ ಅಳಿಯ.

ಪಹರೆ:
ಡಬ್ಬಿಯಲ್ಲಿ ಸಣ್ಣ ದೊಡ್ಡ ಕಾಳು ಹಾಕಿ ಅಲ್ಲಾಡಿಸಿದ್ರೆ ದೊಡ್ಡವು ಮೇಲೆ ಬರ್ತವಲ್ಲ, ಅದೇ ತತ್ವ ಸಾರ್. ಉಪಯೋಗ ಇದೆ. 2014ರ ಒಂದು ಅಧ್ಯಯನದಲ್ಲಿ, ಗಂಭೀರವಾಗಿ ಸಿಕ್ಕಿಕೊಂಡವರಲ್ಲಿ ಸಾವಿನ ಪ್ರಮಾಣ ಶೇ 22ರಿಂದ ಶೇ 11ಕ್ಕೆ ಇಳಿದಿತ್ತು. ಅಂದ್ರೆ ಬಲೂನು ಉಬ್ಬಿದವರಲ್ಲೂ ಸತ್ತವರಿದ್ರು. ಬಂಡೆಗೆ, ಮರಕ್ಕೆ ಅಪ್ಪಳಿಸಿದ್ರೆ ಅದೇನೂ ಮಾಡಲ್ಲ. ವಸಂತದಲ್ಲಿ ಹಿಮ ತೆಳ್ಳಗಾಗಿ ಬಂಡೆ ಹೊರಗೆ ಬಂದಿರುತ್ತಲ್ಲ. ಅಳಿಯನಿಗೆ ಹೇಳಿ.

ಹಳೇ ಸ್ಕೀ:
ನಾನು ಹೇಳಿದ್ರೆ ಕೇಳ್ತಾನಾ. ಇದರ ಲಿಂಕ್ ಕಳಿಸ್ತೀನಿ.

ಗುಡ್ಡಗಾಡು ಗೌಡ:
ಯಾರೂ ಒಂದು ವಿಷಯ ಹೇಳಿಲ್ಲ. ಅಂಥ ಜಾಗದಲ್ಲಿ ಮೂವರು ನಕ್ಕೊಂಡು ಗಲಾಟೆ ಮಾಡ್ಕೊಂಡು ಇಳಿದ್ರೆ ಇನ್ನೇನಾಗುತ್ತೆ? ಕೂಗಿದ ಸದ್ದಿಗೇ ಹಿಮ ಕುಸಿಯೋದು ಎಲ್ಲರಿಗೂ ಗೊತ್ತಿರೋ ವಿಷಯ.

ಗಣಿತದ ಮೇಷ್ಟ್ರು:
ಸಿನಿಮಾದಲ್ಲಿ ಮಾತ್ರ ಗೌಡರೇ. ಕೂಗಿನಿಂದ ಹಿಮದ ಮೇಲೆ ಬೀಳುವ ಒತ್ತಡ ಒಬ್ಬ ಮನುಷ್ಯ ಕಾಲಿಟ್ಟಾಗ ಬೀಳುವ ಒತ್ತಡದ ಮುಂದೆ ಲೆಕ್ಕಕ್ಕೇ ಇಲ್ಲ. ಸ್ಫೋಟಕ ಸಿಡಿಸಿದರೆ ಬೇರೆ ಮಾತು, ಬೇಕೆಂದೇ ಹಿಮ ಕೆಡವಲು ಅದನ್ನು ಬಳಸುತ್ತಾರೆ.

ಏಣಿನ ಮೇಲೆ:
ಮೇಲಾಗಿ ಇವರ ವಿಷಯದಲ್ಲಿ ಕೆಡವಿದ್ದು ಇವರೇ ಅಲ್ಲ. ಚಳಿಗಾಲದ ಒಣ ಹಲಗೆಕುಸಿತದಲ್ಲಿ (ಪದ ಬಳಸಿದೆ ನೋಡಿ ನಿಘಂಟು ಪ್ರೇಮಿಗಳೇ) ಜನ ಸಿಕ್ಕಿಕೊಂಡ ಅಪಘಾತ ಹತ್ತಾದ್ರೆ, ಸುಮಾರು ಒಂಬತ್ತರಲ್ಲಿ ಕೆಡವಿದೋರು ಅವರೇ ಅಥವಾ ಅವರ ತಂಡದೋರೇ. ವಸಂತದ ಒದ್ದೆ ಕುಸಿತ ಹಾಗಲ್ಲ, ಅದು ಹೆಚ್ಚಾಗಿ ತಾನಾಗೇ ಬರುತ್ತೆ. ಬಿಸಿಲಿಗೆ ಕಾದ ಬಂಡೆ ಸುತ್ತಲ ಹಿಮವನ್ನ ಮೊದಲು ಕರಗಿಸುತ್ತೆ, ಅಲ್ಲಿಂದ ಒಂದು ಹಿಡಿ ಉರುಳುತ್ತೆ, ಮುಗೀತು. ಆದ್ದರಿಂದ ನಾನು ನಿಂತಿರೋ ಇಳಿಜಾರಿನ ಕೋನ ಅಷ್ಟೇ ನೋಡಿದ್ರೆ ಸಾಲದು. ನನ್ನ ತಲೆ ಮೇಲೆ ಯಾವುದಕ್ಕೆ ಬಿಸಿಲು ಬೀಳ್ತಿದೆ? ನಾನು ನೆರಳಲ್ಲಿ ತಣ್ಣಗೆ ನಡೀತಿರ್ತೀನಿ, 600 ಮೀಟರ್ ಮೇಲೆ ಬಂಡೆ ಬಿಸಿಯಾಗ್ತಿರುತ್ತೆ. ಕೊರಕಲಿನಲ್ಲಿ ಹತ್ತೋರು ಸಿಕ್ಕಿಬೀಳೋದು ಹೀಗೆ.

ತಮ್ಮಾ, ನಿನ್ನ ನಿಜವಾದ ಅದೃಷ್ಟ ಯಾವುದು ಗೊತ್ತಾ? ರಾಶಿ ನೀವು ಕೂತ ಕಡೆಗೆ ಬರದೇ ನಿಂತಿದ್ದು. ಇಳಿದ ಮೇಲೆ ಆ ಇಳಿಜಾರಿನ ಕೆಳಗೇ ಇಪ್ಪತ್ತು ನಿಮಿಷ ಕೂತಿದ್ರಲ್ಲ!

ಬೂಟಲ್ಲಿ ಮಂಜು:
ಅಕ್ಕಾ, ಇದು ನನಗೆ ಹೊಳೆದೇ ಇರಲಿಲ್ಲ. ನಾನು ನಮ್ಮ ಗೆರೆಗಳನ್ನೇ ನೋಡ್ತಾ ಕೂತಿದ್ದೆ.

ಇನ್ನೊಂದು ವಿಷಯ ಮುಚ್ಚಿಟ್ಟಿದ್ದೆ, ಹೇಳಿಬಿಡ್ತೀನಿ. ಇಳಿಯೋಕೆ ಮುಂಚೆ ಸಣ್ಣ ಸಣ್ಣ ಹಿಮದ ಉಂಡೆಗಳು ಸುರುಳಿ ಸುತ್ತಿಕೊಂಡು ಉರುಳ್ತಾ ಇದ್ದವು, ಚಕ್ರದ ಹಾಗೆ. ಚೆನ್ನಾಗಿ ಕಾಣ್ತಿತ್ತು. ವೀಡಿಯೋ ಕೂಡ ಮಾಡಿಕೊಂಡೆ.

ಮೊಣಕಾಲು ನೋವು:
ಬೆಟ್ಟ ಕೈಬರಹದಲ್ಲಿ ಕಾಗದ ಬರೆದು ಕೊಟ್ಟಿದೆ, ಇವರು ವೀಡಿಯೋ ಮಾಡಿದಾರೆ.

ಏಣಿನ ಮೇಲೆ:
ಬೈಯಬೇಡಿ, ಮುಚ್ಚಿಡದೇ ಹೇಳಿದಾನಲ್ಲ. ಉಂಡೆ ಉರುಳೋದು ಮೊದಲ ಎಚ್ಚರಿಕೆ. ಹಿಮ ಹಿಡಿಯಲ್ಲಿ ಹಿಂಡಿದ್ರೆ ನೀರು ತೊಟ್ಟಿಕ್ಕೋದು, ಬೂಟು ಪಾದದ ಗಂಟು ದಾಟಿ ಹೂತುಕೊಳ್ಳೋದು ಆಮೇಲಿನದ್ದು. ಮೊಣಕಾಲಿನ ತನಕ ಹೂತರೆ ಆಗಲೇ ತಡವಾಗಿದೆ ಅಂತ ಲೆಕ್ಕ. ವಸಂತದ ಒಳ್ಳೇ ಸ್ಕೀ ಹಿಮ ಅಂದ್ರೆ ಚಿಪ್ಪಿನ ಮೇಲೆ ಒಂದೆರಡು ಸೆಂಟಿಮೀಟರ್ ಮಾತ್ರ ಕಾಳು ಕಾಳಾಗಿ ಸಡಿಲ ಆಗಿರೋದು. ಆ ಸುಖ ಒಂದು ಗಂಟೆ ಸಿಕ್ಕಿದ್ರೆ ಹೆಚ್ಚು. ನಾನು ಸ್ಕೀ ಕೋಲು ತಿರುಗಿಸಿ ಹಿಡಿ ಕಡೆಯಿಂದ ಚುಚ್ಚಿ ನೋಡ್ತೀನಿ. ಚಿಪ್ಪು ಒಡೆದು ಕೆಳಗೆ ಆಳದ ತನಕ ಪಚಪಚ ಅಂದ್ರೆ ವಾಪಸ್.

ದಕ್ಷಿಣಾರ್ಧ:
ಭೂಮಿಯ ಇನ್ನೊಂದು ಅರ್ಧದಿಂದ ಬರೀತಿದೀನಿ. ನಮಗೆ ಬಿಸಿಲು ಬೀಳೋದು ಉತ್ತರದ ಇಳಿಜಾರಿಗೆ, ವಸಂತ ಅಂದ್ರೆ ಸೆಪ್ಟೆಂಬರಿಂದ ನವೆಂಬರ್. ಇಲ್ಲಿಯ ಉತ್ತರ, ದಕ್ಷಿಣದ ಮಾತೆಲ್ಲ ತಿರುಗಿಸಿ ಓದ್ಕೊಳ್ಳಿ, ಪೂರ್ವ ಪಶ್ಚಿಮ ಮಾತ್ರ ಹಾಗೇ ಇರಲಿ. ಹಳೇ ಸ್ಕೀ ಸಾರ್ ಈ ಕಡೆ ಬಂದು "ಉತ್ತರ ಒಳ್ಳೇದು" ಅಂದ್ರೆ ಕಷ್ಟ.

ಗುಡ್ಡಗಾಡು ಗೌಡ:
ಸದ್ದಿನ ವಿಷಯ ಒಪ್ಪಿದೆ. ಆದ್ರೆ ಬೇಗ ಹೊರಟ್ರೆ ಸಾಕು ಅನ್ನೋದೂ ಪೂರ್ತಿ ನಿಜ ಅಲ್ಲ. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪ್ರಪಾತದಲ್ಲಿ (ಹಿಮನದಿ ಬಿರುಕು ಬಿಟ್ಟು ಕಡಿದಾಗಿ ಇಳಿಯೋ ಜಾಗ) 16 ಜನ ನೇಪಾಳಿ ಕೆಲಸಗಾರರು ಸತ್ತರಲ್ಲ, ಅದಾಗಿದ್ದು ಬೆಳಿಗ್ಗೆ 6:45ರ ಸುಮಾರಿಗೆ.

ಏಣಿನ ಮೇಲೆ:
ಒಳ್ಳೇ ಉದಾಹರಣೆ, ಆದ್ರೆ ಕುಸಿತದ ಥರವೇ ಬೇರೆ. ಅಲ್ಲಿ ಮುರಿದು ಬಿದ್ದಿದ್ದು ಕಡಿದಾದ ಬೆಟ್ಟದ ಮೈಗೆ ಜೋತುಕೊಂಡಿದ್ದ ಹಿಮನದಿಯ ಮಂಜುಗಡ್ಡೆ. ಹಿಮನದಿ ಮುಂದಕ್ಕೆ ಜರುಗ್ತಾ ಇರೋದರಿಂದ ಅದು ಯಾವ ಹೊತ್ತಿಗಾದ್ರೂ ಬೀಳುತ್ತೆ, ಬಿಸಿಲೇ ಬೇಕಂತಿಲ್ಲ. ಅದರ ಕೆಳಗೆ ಎಷ್ಟು ಕಡಿಮೆ ಹೊತ್ತು ಇರ್ತೀವಿ ಅನ್ನೋದೊಂದೇ ನಮ್ಮ ಕೈಯಲ್ಲಿರೋದು. ಏಣಿನ ಅಂಚಿಗೆ ಸೂರಿನ ಹಾಗೆ ಚಾಚಿಕೊಂಡಿರೋ ಹಿಮದ ಕಾರ್ನಿಸ್ ಮಾತ್ರ ಬಿಸಿಲಿಗೆ ಬಗ್ಗುತ್ತೆ. ಮುರಿಯೋವಾಗ ನಾವು ಅಂದುಕೊಂಡಿದ್ದಕ್ಕಿಂತ ಬಹಳ ಹಿಂದಿನಿಂದ ಮುರಿಯುತ್ತೆ. ಏಣಿನ ಮೇಲೆ ಫೋಟೋ ತೆಗೆಯೋರು ಕೇಳಿಸ್ಕೊಳ್ಳಿ.

ಬೂಟಲ್ಲಿ ಮಂಜು:
ಕೇಳಿಸ್ಕೊಂಡೆ ಅಕ್ಕಾ.

ಹಿಮಕುಸಿತದ ಮುನ್ಸೂಚನೆ ಬುಲೆಟಿನ್ ಬಗ್ಗೆ ಒಂದು ಪ್ರಶ್ನೆ. ಐದು ಹಂತದ ಅಪಾಯ ಸೂಚಿಯಲ್ಲಿ ಆ ದಿನ 2 ಇತ್ತು. ಅದನ್ನು ನೋಡೇ ಹೊರಟಿದ್ದು.

ಪಹರೆ:
ಒಂದೇ ನಕ್ಷೆ ಇತ್ತಾ, ಎರಡಾ? ವಸಂತದಲ್ಲಿ ಬಹಳ ಕಡೆ ಬೆಳಗಿಗೆ ಒಂದು, ಮಧ್ಯಾಹ್ನಕ್ಕೆ ಒಂದು ಹಾಕ್ತಾರೆ. ಬೆಳಿಗ್ಗೆ 1 ಅಥವಾ 2 ಇದ್ದದ್ದು ಮಧ್ಯಾಹ್ನ 3 ಆಗಿರುತ್ತೆ. ಆ ಎರಡನೇದು ಎಷ್ಟು ಗಂಟೆಗೆ ಶುರು ಅಂತ ಬೆಟ್ಟ ಸೈರನ್ ಊದಿ ಹೇಳಲ್ಲ. ಕೆಳಗಿನ ಬರಹದಲ್ಲಿ "ರಾತ್ರಿ ಹೆಪ್ಪುಗಟ್ಟುವುದು ಕಡಿಮೆ" ಅಂತ ಇದ್ದೇ ಇರುತ್ತೆ, ಯಾರೂ ಓದಲ್ಲ. ಅಂಕಿ ನೋಡಿ ಮುಚ್ಚಿಡ್ತಾರೆ. ಇನ್ನು 3 ಅಂದ್ರೆ ಐದರಲ್ಲಿ ನಡುವಿನದು, ಪರವಾಗಿಲ್ಲ ಅಂತ ತಿಳಿಯೋದು ಎಲ್ಲಕ್ಕಿಂತ ದೊಡ್ಡ ತಪ್ಪು. 4, 5 ಇದ್ದಾಗ ಜನ ಮನೆಯಲ್ಲಿರ್ತಾರೆ, ನಮಗೆ ಹೆಣ ಸಿಗೋದು ಹೆಚ್ಚಾಗಿ 3ರ ದಿನ.

ಬೂಟಲ್ಲಿ ಮಂಜು:
ಈಗ ತೆಗೆದು ನೋಡಿದೆ. ಎರಡು ನಕ್ಷೆ ಇತ್ತು. ನಾನು ನೋಡಿದ್ದು ಮೊದಲನೇದು ಮಾತ್ರ.

ಸುಮ್ನೆ ಓದೋನು:
😶

ಮೊಣಕಾಲು ನೋವು:
ನನಗೆ ಇನ್ನೂ ಕೊರೀತಿರೋದು ಆ "ಬಾರೋ" ಅನ್ನೋ ಮಾತು. ಕಾಲು ಹೂತಾಗ ಇವರಿಗೆ ಅನುಮಾನ ಬಂದಿತ್ತು, ನಿಂತಿದ್ರು. ಹಿಮದ ಜ್ಞಾನ ಎಲ್ಲ ಇತ್ತು, ಬಾಯಿ ಬರಲಿಲ್ಲ. ಇಯಾನ್ ಮೆಕ್‌ಕ್ಯಾಮನ್ ಅಮೆರಿಕದ 715 ಅಪಘಾತಗಳನ್ನ ಕೂತು ಅಧ್ಯಯನ ಮಾಡಿ ಹೇಳಿದ್ದೂ ಅದನ್ನೇ ಅಲ್ವಾ? ಅಪಾಯದ ಗುರುತು ಕಣ್ಣೆದುರೇ ಇದ್ರೂ ಜನ ಹೋಗ್ತಾರೆ. ಪರಿಚಿತ ಜಾಗ, ಇಷ್ಟು ದೂರ ಬಂದಾಗಿದೆ, ತಂಡದಲ್ಲಿ ಗೊತ್ತಿರೋನು ಅನ್ನಿಸಿಕೊಂಡವನು ಮುಂದೆ ಹೋಗ್ತಿದಾನೆ, ಅಷ್ಟೇ ಕಾರಣ.

ನಾವು ಈಗ ಒಂದು ಕಟ್ಟುಪಾಡು ಮಾಡಿಕೊಂಡಿದೀವಿ. ವಾಪಸ್ ಹೋಗೋಣ ಅಂತ ಒಬ್ಬ ಅಂದ್ರೆ ಸಾಕು, ಕಾರಣ ಕೇಳೋ ಹಾಗಿಲ್ಲ. ವಾಪಸ್ ತಿರುಗೋ ಗಂಟೆಯನ್ನ ಹಿಂದಿನ ರಾತ್ರಿ ಗುಡಿಸಲಲ್ಲೇ ಬರೆದಿಡ್ತೀವಿ, ಬೆಟ್ಟದ ಮೇಲೆ ಆ ಚರ್ಚೆ ಇಲ್ಲ. ಎರಡು ಸಲ ಸುಮ್ನೆ ವಾಪಸ್ ಬಂದಿದೀವಿ, ಏನೂ ಕುಸಿಯಲಿಲ್ಲ. ಬೇಜಾರಾಯ್ತು, ನಿಜ.

ಹಳೇ ಸ್ಕೀ:
ಕಾರಣ ಕೇಳದೇ ವಾಪಸ್ಸಾ? ಹಾಗಾದ್ರೆ ಸೋಮಾರಿ ಒಬ್ಬನಿದ್ರೆ ಮುಗೀತು.

ಮೊಣಕಾಲು ನೋವು:
ಸೋಮಾರಿ ಬೆಳಗಿನ ಜಾವ 3 ಗಂಟೆಗೆ ಏಳೋದೇ ಇಲ್ಲ ಸಾರ್.

ಟೆಂಟ್ ವಾಸಿ:
ನಮ್ಮ ಜಾಗ ಬದಲಿ ಮಾಡಿದ್ವಿರೀ. ಕಣಿವಿ ಬಿಟ್ಟು ಈ ಕಡಿ ದಿಬ್ಬದ ಮ್ಯಾಲೆ, ಹಳೇ ಮರ ದಟ್ಟ ಅದಾವ. ನೀರಿಗೆ ಅರ್ಧ ತಾಸು ನಡೀಬೇಕು. ಗೆಳೆಯರು ಬೈಲಿಕ್ಕತ್ತಾರ. ಈಗ ಇನ್ನೊಂದು ಚಿಂತಿ, ಮಳಿ ಬಂದ್ರ ಹ್ಯಾಂಗ? ಹಿಮದ ಮ್ಯಾಲೆ ಮಳಿ?

ಏಣಿನ ಮೇಲೆ:
ಮಳೆ ಬಂದ್ರೆ ಯೋಚನೆ ಮಾಡೋಕೂ ಏನಿಲ್ಲ ರೀ, ಕಡಿದಾದ ಇಳಿಜಾರಿನ ಹತ್ತಿರ ಹೋಗಲೇಬೇಡಿ. ಹೊಸ ಹಿಮದ ಮೇಲೆ ಮಳೆ ಬಿದ್ರಂತೂ ಕುಸಿತ ಕೂಡಲೇ ಶುರು. ಹಾಗೇ ವಸಂತದಲ್ಲೂ ಒಂದೊಂದು ಸಲ ಚಳಿಗಾಲದ ಥರ ಅರ್ಧ ಮೀಟರ್ ಹಿಮ ಸುರೀತದೆ. ಮರುದಿನ ನೀಲಿ ಆಕಾಶ, ಎಲ್ಲರಿಗೂ ಹುಚ್ಚು. ಆ ಹಿಮಕ್ಕೆ ಮೊದಲ ಬಿಸಿಲು ಬೀಳೋ ಗಂಟೆ ಬಹಳ ಕೆಟ್ಟದ್ದು.

ಪಹರೆ:
ಋತು ಮುಗೀತಾ ಬಂತು, ಬೀಕನ್ ಮೂಲೆಗಿಡೋರಿಗೆ ಒಂದು ಮಾತು. ಬ್ಯಾಟರಿ ತೆಗೆದಿಡಿ, ಸೋರುತ್ತೆ. ಹಾಕೋವಾಗ ಕಂಪನಿ ಹೇಳಿದ ಥರದ್ದೇ ಹಾಕಿ. ಹೆಚ್ಚಿನವಕ್ಕೆ ಆಲ್ಕಲೈನ್. ಮನೆಯಲ್ಲಿ ಚಾರ್ಜ್ ಮಾಡೋ ಬ್ಯಾಟರಿ ಹಾಕಿದ್ರೆ ಉಳಿದ ಪ್ರಮಾಣ ತಪ್ಪು ತೋರಿಸುತ್ತೆ. ಮೊಬೈಲನ್ನ ಬೀಕನ್‌ನಿಂದ 20 ಸೆಂ.ಮೀ. ದೂರ ಇಡಿ, ಹುಡುಕೋವಾಗ 50 ಸೆಂ.ಮೀ. ಎಲ್ಲ ಬೀಕನ್‌ಗಳೂ 457 ಕಿಲೋಹರ್ಟ್ಸ್‌ನಲ್ಲೇ ಮಾತಾಡೋದು, ಹಳೇದು ಹೊಸದು ಒಂದಕ್ಕೊಂದು ಕೇಳಿಸುತ್ತೆ. ಆದ್ರೆ ಒಂದೇ ಆಂಟೆನಾದ ಹಳೇ ಪೆಟ್ಟಿಗೆ ಇನ್ನೂ ಇಟ್ಕೊಂಡಿರೋರು ದಯವಿಟ್ಟು ಬದಲಾಯಿಸಿ, ಅದರಲ್ಲಿ ಹುಡುಕೋಕೆ ಹೊತ್ತು ಹಿಡಿಯುತ್ತೆ.

ಹಳೇ ಸ್ಕೀ:
ಇದು ನನಗೇ ಹೇಳಿದ ಹಾಗಿದೆ. ತಡೀರಿ, ಅಟ್ಟದ ಮೇಲಿದೆ, ತರ್ತೀನಿ.

ಬೂಟಲ್ಲಿ ಮಂಜು:
ಎಲ್ಲರಿಗೂ ಧನ್ಯವಾದ. ಇಡೀ ಚರ್ಚೆಯನ್ನ ಇಬ್ಬರು ಗೆಳೆಯರಿಗೂ ಕಳಿಸಿದೆ. "ಬಾರೋ" ಅಂದವನು ಓದಿ ಇನ್ನೂ ಏನೂ ಬರೆದಿಲ್ಲ. ಶನಿವಾರಕ್ಕೆ ಒಂದು ಯೋಜನೆ ಇದೆ, ಮೋಡ ಇದ್ದರೆ ಎದ್ದೇಳಲ್ಲ.

ಮೊಣಕಾಲು ನೋವು:
ಮೋಡ ಇದೆಯೋ ಇಲ್ವೋ ನೋಡೋಕಾದ್ರೂ ರಾತ್ರಿ ಒಂದೆರಡು ಸಲ ಎದ್ದೇಳಬೇಕಲ್ಲ ಸ್ವಾಮಿ.

ಹಳೇ ಸ್ಕೀ:
ಬೀಕನ್ ತಂದೆ. ಆಂಟೆನಾ ಎಷ್ಟು ಅಂತ ನೋಡೋಕೆ ಆನ್ ಆಗಬೇಕಲ್ಲ. ಬ್ಯಾಟರಿ ಡಬ್ಬಿ ತೆರೆದರೆ ಒಳಗೆಲ್ಲ ಹಸಿರು ಪಾಚಿ ಕಟ್ಟಿದ ಹಾಗಿದೆ. ಹೋದ ತಿಂಗಳು ಎರಡು ಸಲ ಇದನ್ನೇ ಎದೆಗೆ ಕಟ್ಟಿಕೊಂಡು ಹೋಗಿದ್ದೆ.